ಡೇಟಾ ಸೆಂಟರ್ ಸ್ವಿಚ್‌ಗಳಲ್ಲಿ ಪಿಎಫ್‌ಸಿ: ಯಾವ ವಿಧಾನ ಯಾವ ನೆಟ್‌ವರ್ಕ್‌ಗೆ

ಈಥರ್‌ನೆಟ್ ಮೇಲೆ ಆರ್‌ಡಿಎಂಎ (ಒಂದು ಸರ್ವರಿನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಕಾರ್ಡೇ ನೇರವಾಗಿ ಡೇಟಾ ಸಾಗಿಸುವ ವಿಧಾನ) ಓಡಿಸುವ ಲೀಫ್-ಸ್ಪೈನ್ ನೆಟ್‌ವರ್ಕ್ (ಸರ್ವರ್‌ಗಳು ಲೀಫ್ ಸ್ವಿಚ್‌ಗಳಿಗೆ, ಲೀಫ್‌ಗಳು ಸ್ಪೈನ್ ಸ್ವಿಚ್‌ಗಳಿಗೆ ಸೇರುವ ವಿನ್ಯಾಸ) ಕಟ್ಟುವವರ ಮುಂದೆ ನಾಲ್ಕು ದಾರಿಗಳಿವೆ: ಹಳೆಯ ಗ್ಲೋಬಲ್ ಪಾಸ್, ಬರೀ ಪಿಎಫ್‌ಸಿ, ಪಿಎಫ್‌ಸಿ ಜೊತೆಗೆ ಇಸಿಎನ್, ಪಿಎಫ್‌ಸಿ ಇಲ್ಲದೆ ಬರೀ ಇಸಿಎನ್. ಪಾಸ್ (pause) ಎಂದರೆ ಕಳಿಸುವವರನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು. ಪಿಎಫ್‌ಸಿ ಅದನ್ನೇ ಆಯ್ದ ಪ್ರಯಾರಿಟಿಯ ಟ್ರಾಫಿಕ್ಕಿಗಷ್ಟೇ ಮಾಡುತ್ತದೆ. ಇಸಿಎನ್ ನಿಲ್ಲಿಸುವುದಿಲ್ಲ, ದಟ್ಟಣೆಯ ಗುರುತು ಹಾಕಿ ವೇಗ ಇಳಿಸುವಂತೆ ತಿಳಿಸುತ್ತದೆ. ಈ ನಾಲ್ಕರಲ್ಲಿ ಯಾವುದು ಸರಿ ಎಂಬುದನ್ನು ಸ್ವಿಚ್ಚಿನ ಕಂಪನಿ ತೀರ್ಮಾನಿಸುವುದಿಲ್ಲ. ಸರ್ವರಿನ ನೆಟ್‌ವರ್ಕ್ ಕಾರ್ಡ್ ಒಂದು ಪ್ಯಾಕೆಟ್ ಕಳೆದುಹೋದರೆ ಏನು ಮಾಡುತ್ತದೆ, ಎಷ್ಟು ಸರ್ವರ್‌ಗಳು ಏಕಕಾಲಕ್ಕೆ ಒಂದೇ ಪೋರ್ಟಿನ ಮೇಲೆ ನುಗ್ಗುತ್ತವೆ, ಕೇಬಲ್ ಎಷ್ಟು ಉದ್ದ, ಈ ಮೂರೇ ಅದನ್ನು ತೀರ್ಮಾನಿಸುವುದು. ಇಲ್ಲಿರುವ ಉದಾಹರಣೆಗಳೆಲ್ಲ ರಾಕಿ (RoCE) ಆವೃತ್ತಿ 2ರವು, ಅಂದರೆ ಯುಡಿಪಿ ಪೋರ್ಟ್ 4791ರ ಮೇಲೆ ಸಾಗುವ ಆರ್‌ಡಿಎಂಎ ಟ್ರಾಫಿಕ್‌ನವು.

ಪಿಎಫ್‌ಸಿ, ಪೂರ್ತಿ ಹೆಸರು ಪ್ರಯಾರಿಟಿ ಫ್ಲೋ ಕಂಟ್ರೋಲ್, 2011ರಲ್ಲಿ ಐಇಇಇ 802.1ಕ್ಯೂಬಿಬಿ ಆಗಿ ಮಾನಕವಾಯಿತು. ಸ್ವಿಚ್ಚಿನ ಒಳಬರುವ ಬಫರ್ ಒಂದು ಮಿತಿ ದಾಟಿದಾಗ ಅದು ಎದುರು ತುದಿಗೆ 64 ಬೈಟಿನ ಒಂದು ಫ್ರೇಮ್ ಕಳಿಸುತ್ತದೆ. ಎಂಟು ಪ್ರಯಾರಿಟಿಗಳಲ್ಲಿ ಯಾವುದನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಹೊತ್ತಿನ ಅಳತೆ ಕ್ವಾಂಟಾ. ಒಂದು ಕ್ವಾಂಟಾ ಎಂದರೆ 512 ಬಿಟ್ ಸಾಗುವ ಕಾಲ, ಗರಿಷ್ಠ 65,535 ಕ್ವಾಂಟಾ. ಹಾಗಾಗಿ 10ಜಿ ಲಿಂಕಿನಲ್ಲಿ ಒಂದು ಫ್ರೇಮ್ ಹೆಚ್ಚೆಂದರೆ 3.36 ಮಿಲಿಸೆಕೆಂಡ್ ನಿಲ್ಲಿಸಬಲ್ಲದು, 100ಜಿ ಲಿಂಕಿನಲ್ಲಿ 335 ಮೈಕ್ರೋಸೆಕೆಂಡ್. ಬಫರ್ ಇಳಿದ ಮೇಲೆ ಸೊನ್ನೆ ಕಾಲದ ಫ್ರೇಮ್ ಹೋಗುತ್ತದೆ, ಟ್ರಾಫಿಕ್ ಮತ್ತೆ ಹರಿಯುತ್ತದೆ. ಈ 335 ಮೈಕ್ರೋಸೆಕೆಂಡ್ ಲೆಕ್ಕ ನೆನಪಿರಲಿ, ವಾಚ್‌ಡಾಗ್ (ನಿಲ್ಲದೆ ಬರುವ ಪಾಸ್ ಪತ್ತೆಹಚ್ಚಿ ತಡೆಯುವ ಕಾವಲು ವ್ಯವಸ್ಥೆ) ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಾಲ್ಕು ದಾರಿಗಳು

ಗ್ಲೋಬಲ್ ಪಾಸ್, ಅಂದರೆ 802.3ಎಕ್ಸ್, ಲಿಂಕಿನ ಮೇಲಿನ ಎಲ್ಲ ಟ್ರಾಫಿಕ್ಕನ್ನೂ ನಿಲ್ಲಿಸುತ್ತದೆ. ಸ್ಟೋರೇಜ್ ಟ್ರಾಫಿಕ್ ದಟ್ಟಣೆಯಾದರೆ ರೂಟಿಂಗಿನ ಬಿಜಿಪಿ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಎಲ್ಲವೂ ನಿಲ್ಲುತ್ತವೆ. ಒಂದೇ ಸ್ವಿಚ್ಚಿಗೆ ಕಟ್ಟಿದ ನಾಲ್ಕಾರು ಸ್ಟೋರೇಜ್ ಸರ್ವರ್‌ಗಳಿಗೆ ಇದು ನಡೆಯಬಹುದು, ಲೀಫ್-ಸ್ಪೈನ್‌ನಲ್ಲಿ ಬೇಡ. ಪಿಎಫ್‌ಸಿ ಆರಿಸಿದ ಲಿಂಕಿನಲ್ಲಿ ಇದನ್ನು ಎರಡೂ ತುದಿಯಲ್ಲಿ ಆಫ್ ಮಾಡಬೇಕು, ಏಕೆಂದರೆ ಒಂದೇ ಲಿಂಕಿನಲ್ಲಿ ಎರಡೂ ಇರುವಂತಿಲ್ಲ. ಲಿನಕ್ಸ್ ಸರ್ವರಿನಲ್ಲಿ ‘ಈಥ್‌ಟೂಲ್ -ಎ’ (ದೊಡ್ಡಕ್ಷರದ A) ಕಮಾಂಡಿನಿಂದ ಆರ್‌ಎಕ್ಸ್, ಟಿಎಕ್ಸ್ ಎರಡನ್ನೂ ಆಫ್ ಮಾಡಿ.

ಬರೀ ಪಿಎಫ್‌ಸಿ ಪ್ಯಾಕೆಟ್ ಕಳೆಯದಂತೆ ನೋಡಿಕೊಳ್ಳುತ್ತದೆ, ಆದರೆ ದಟ್ಟಣೆಯನ್ನು ಕರಗಿಸುವುದಿಲ್ಲ, ಹಿಂದಿನ ಸ್ವಿಚ್ಚಿಗೆ ತಳ್ಳುತ್ತದೆ. ಆ ಸ್ವಿಚ್ ತುಂಬಿದರೆ ಅದರ ಹಿಂದಿನದಕ್ಕೆ. ಒಂದು ಸರ್ವರಿನ ಪೋರ್ಟ್ ದಟ್ಟವಾದದ್ದಕ್ಕೆ, ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಸರ್ವರ್‌ಗಳ ನಡುವಿನ ಟ್ರಾಫಿಕ್ಕೂ ಸ್ಪೈನ್‌ನಲ್ಲಿ ನಿಂತುಬಿಡುತ್ತದೆ. ಸಾಮಾನ್ಯ ನೆಟ್‌ವರ್ಕ್‌ಗಳಿಗೆ ಈ ದಾರಿಯನ್ನು ನಾವು ಸೂಚಿಸುವುದಿಲ್ಲ. ಆದರೆ ಇದು ಎಲ್ಲೂ ನಡೆಯದು ಎನ್ನುವುದು ತಪ್ಪು. ಮೆಟಾ ತನ್ನ 400ಜಿ ಎಐ ತರಬೇತಿ ನೆಟ್‌ವರ್ಕ್‌ಗಳಲ್ಲಿ ಇಸಿಎನ್ ಆಧಾರಿತ ಡಿಸಿಕ್ಯೂಸಿಎನ್ ನಿಯಂತ್ರಣವನ್ನು ಬಿಟ್ಟು ಪಿಎಫ್‌ಸಿ ಮೇಲಷ್ಟೇ ನಡೆಸಿದ್ದನ್ನು 2024ರಲ್ಲಿ ಪ್ರಕಟಿಸಿತು. ಅಲ್ಲಿ ಅದು ನಡೆದದ್ದಕ್ಕೆ ಕಾರಣಗಳಿವೆ. ಆ ನೆಟ್‌ವರ್ಕ್ ತರಬೇತಿಗೆಂದೇ ಮೀಸಲು, ಸ್ಪೈನ್ ಸ್ವಿಚ್‌ಗಳಲ್ಲಿ ಆಳವಾದ ಬಫರ್ ಇದೆ, ಜಿಪಿಯುಗಳ ನಡುವೆ ಡೇಟಾ ವಿನಿಮಯ ನಡೆಸುವ ಕಲೆಕ್ಟಿವ್ ಲೈಬ್ರರಿಯೇ ಸ್ವೀಕರಿಸುವ ಕಡೆ ಸಿದ್ಧವಾದ ಮೇಲಷ್ಟೇ ಡೇಟಾ ಬಿಡುತ್ತದೆ. ಈ ಮೂರೂ ನಿಮ್ಮಲ್ಲಿಲ್ಲದಿದ್ದರೆ ಆ ಉದಾಹರಣೆ ನಿಮಗೆ ಅನ್ವಯಿಸುವುದಿಲ್ಲ.

ಪಿಎಫ್‌ಸಿ ಜೊತೆಗೆ ಇಸಿಎನ್, ಹೆಚ್ಚಿನ ರಾಕಿ ನೆಟ್‌ವರ್ಕ್‌ಗಳಿಗೆ ಇದೇ ಸರಿಯಾದ ಆಯ್ಕೆ. ಹೊರಹೋಗುವ ಕ್ಯೂ ತುಂಬತೊಡಗಿದಾಗ ಸ್ವಿಚ್ ಪ್ಯಾಕೆಟ್ಟಿನ ಐಪಿ ಹೆಡರಿನಲ್ಲಿ ಗುರುತು ಹಾಕುತ್ತದೆ, ಸ್ವೀಕರಿಸಿದ ಕಾರ್ಡ್ ಕಳಿಸಿದವರಿಗೆ ಸಿಎನ್‌ಪಿ ಎಂಬ ಪುಟ್ಟ ಪ್ಯಾಕೆಟ್ ವಾಪಸು ಕಳಿಸುತ್ತದೆ, ಕಳಿಸುವ ಕಾರ್ಡ್ ವೇಗ ಇಳಿಸುತ್ತದೆ. ಈ ಸುತ್ತು ಮುಗಿಯಲು ಕಾಲ ಬೇಕು. ಆ ಕಾಲದಲ್ಲಿ ಬಫರ್ ತುಂಬಿಬಿಟ್ಟರೆ ಮಾತ್ರ ಪಿಎಫ್‌ಸಿ ಎದ್ದು ನಿಲ್ಲಬೇಕು. ದಿನವಿಡೀ ಪಾಸ್ ಫ್ರೇಮ್ ಹರಿಯುತ್ತಿದ್ದರೆ ಇಸಿಎನ್ ಮಿತಿಗಳು ತಪ್ಪಿವೆ ಎಂದೇ ತಿಳಿಯಿರಿ.

ಬರೀ ಇಸಿಎನ್ ದಾರಿ ಕಾರ್ಡಿನ ಮೇಲೆ ನಿಂತಿದೆ. ಹಳೆಯ ಆರ್‌ಡಿಎಂಎ ಕಾರ್ಡ್‌ಗಳು ಒಂದು ಪ್ಯಾಕೆಟ್ ಹೋದರೆ ಇಡೀ ಸಂದೇಶವನ್ನೇ ಮೊದಲಿನಿಂದ ಕಳಿಸುತ್ತಿದ್ದವು. ಮೈಕ್ರೋಸಾಫ್ಟ್ ಎಂಜಿನಿಯರ್‌ಗಳು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 256ಕ್ಕೆ ಒಂದು ಪ್ಯಾಕೆಟ್ ಬೀಳಿಸಿದಾಗ 4 ಎಂಬಿ ಸಂದೇಶಗಳು ಒಂದೂ ಮುಗಿಯಲಿಲ್ಲ. ಲಿಂಕ್ ಮಾತ್ರ ಪೂರ್ತಿ ವೇಗದಲ್ಲಿ ಓಡುತ್ತಲೇ ಇತ್ತು. ಆಮೇಲಿನ ಕಾರ್ಡ್‌ಗಳು ಕಳೆದ ಪ್ಯಾಕೆಟ್ಟಿನಿಂದ ಮುಂದಕ್ಕೆ ಮರುಕಳಿಸುತ್ತವೆ, ಇತ್ತೀಚಿನವುಗಳಲ್ಲಿ ಕೆಲವು ಕಳೆದದ್ದನ್ನಷ್ಟೇ ಮರುಕಳಿಸುತ್ತವೆ. ನಿಮ್ಮ ಕಾರ್ಡ್ ಯಾವ ಬಗೆಯದು ಎಂದು ಡೇಟಾಶೀಟ್ ನಂಬಿ ಕೂರಬೇಡಿ. ಲ್ಯಾಬಿನಲ್ಲಿ 10,000ಕ್ಕೆ ಒಂದು ಪ್ಯಾಕೆಟ್ ಬೇಕೆಂದೇ ಬೀಳಿಸಿ ವೇಗ ಅಳೆಯಿರಿ. ವೇಗದ ಕುಸಿತ ಶೇ. 5ರೊಳಗಿದ್ದರೆ ಪಿಎಫ್‌ಸಿ ಇಲ್ಲದೆ ಹೋಗಬಹುದು, ಅರ್ಧಕ್ಕಿಳಿದರೆ ಪಿಎಫ್‌ಸಿ ಬೇಕೇಬೇಕು. ಎನ್‌ವಿಎಂಇ ಓವರ್ ಟಿಸಿಪಿ (ನೆಟ್‌ವರ್ಕ್ ಮೂಲಕ ಸ್ಟೋರೇಜ್), ಐವಾರ್ಪ್ (ಆರ್‌ಡಿಎಂಎಯ ಇನ್ನೊಂದು ಬಗೆ) ಬಳಸುವವರಿಗೆ ಈ ಗೊಂದಲವೇ ಇಲ್ಲ. ಅವು ಟಿಸಿಪಿ ಮೇಲಿವೆ, ಪಿಎಫ್‌ಸಿ ಬೇಡ.

ಕೇಬಲ್ ಉದ್ದವೂ ಹೆಡ್‌ರೂಮೂ

ಪಾಸ್ ಫ್ರೇಮ್ ಹೊರಟ ಮೇಲೂ ಎದುರಿನಿಂದ ಡೇಟಾ ಬರುತ್ತಲೇ ಇರುತ್ತದೆ. ಅದನ್ನು ಹಿಡಿದಿಡಲು ಮೀಸಲಿಟ್ಟ ಬಫರ್ ಹೆಡ್‌ರೂಮ್. ಪಿಎಫ್‌ಸಿ ಆನ್ ಇದ್ದೂ ಪ್ಯಾಕೆಟ್ ಬೀಳುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

100ಜಿ, 100 ಮೀಟರ್ ಕೇಬಲ್, 9,216 ಬೈಟ್ ಎಂಟಿಯು (ಒಂದು ಫ್ರೇಮಿನ ಗರಿಷ್ಠ ಗಾತ್ರ) ಇಟ್ಟುಕೊಂಡು ಲೆಕ್ಕ ಹಾಕೋಣ. ಬೆಳಕು ಫೈಬರಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಹೋಗಿ ಬರಲು 200 ಮೀಟರ್, 1 ಮೈಕ್ರೋಸೆಕೆಂಡ್, ಅಷ್ಟರಲ್ಲಿ 12,500 ಬೈಟ್ ಹರಿದಿರುತ್ತದೆ. ನಮ್ಮ ಪಾಸ್ ಫ್ರೇಮ್ ಹೊರಡುವ ಮುನ್ನ ಒಂದು ದೊಡ್ಡ ಫ್ರೇಮ್ ಹೋಗುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕು, ಎದುರು ತುದಿಯಲ್ಲೂ ಆಗಷ್ಟೇ ಶುರುವಾದ ಒಂದು ಫ್ರೇಮ್ ಪೂರ್ತಿಯಾಗಿ ಬರುತ್ತದೆ. ಇವೆರಡಕ್ಕೆ 18,432 ಬೈಟ್. ಎದುರಿನವರು ಫ್ರೇಮ್ ಓದಿ ನಿಲ್ಲಲು ಮಾನಕ 100ಜಿಯಲ್ಲಿ 394 ಕ್ವಾಂಟಾ ಕೊಡುತ್ತದೆ, ಅಂದರೆ 25,216 ಬೈಟ್. ಒಟ್ಟು ಸುಮಾರು 56 ಕೆಬಿ. ಬಫರ್ ಸೆಲ್‌ಗಳಾಗಿ ಹಂಚಿಕೆಯಾಗುವುದರಿಂದ ಚಿಕ್ಕ ಪ್ಯಾಕೆಟ್ ಬಂದರೂ ಒಂದು ಇಡೀ ಸೆಲ್ ಹೋಗುತ್ತದೆ. ಹಾಗಾಗಿ ನಿಜಕ್ಕೆ ಇಡುವುದು ಇದಕ್ಕಿಂತ ಹೆಚ್ಚು.

ಎಂಟಿಯು ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ರಾಕಿ ಪ್ಯಾಕೆಟ್ 4 ಕೆಬಿಯಷ್ಟೇ ಇದ್ದರೂ ಅದೇ ಪೋರ್ಟಿನ ಬೇರೆ ಕ್ಯೂನಲ್ಲಿ 9,216 ಬೈಟಿನ ಫ್ರೇಮ್ ಹೋಗಬಹುದಾದರೆ, ಪಾಸ್ ಫ್ರೇಮನ್ನು ಕಾಯಿಸುವುದು ಆ ದೊಡ್ಡ ಫ್ರೇಮೇ. ಪೋರ್ಟಿನ ಅತಿ ದೊಡ್ಡ ಎಂಟಿಯುವನ್ನೇ ಹಿಡಿಯಿರಿ.

ಈಗ ಗುಣಿಸಿ ನೋಡಿ. 32 ಪೋರ್ಟುಗಳ ಮೊದಲ ತಲೆಮಾರಿನ ಟೊಮಾಹಾಕ್ ಸ್ವಿಚ್ ಚಿಪ್ಪಿನಲ್ಲಿ ಒಟ್ಟು ಬಫರ್ 16 ಎಂಬಿ. ಒಂದು ಪ್ರಯಾರಿಟಿಗೆ ಹೆಡ್‌ರೂಮ್ (56 ಕೆಬಿ × 32) 1.8 ಎಂಬಿ, ಎರಡಕ್ಕೆ 3.6 ಎಂಬಿ. ಎಂಟಕ್ಕೂ ಕೊಟ್ಟರೆ 14.4 ಎಂಬಿ, ಉಳಿದ ಟ್ರಾಫಿಕ್ಕಿಗೆ ಹೆಚ್ಚೇನೂ ಉಳಿಯದು. ಆದ್ದರಿಂದಲೇ ಲಾಸ್‌ಲೆಸ್ (ಪ್ಯಾಕೆಟ್ ಕಳೆಯದ) ಪ್ರಯಾರಿಟಿ ಒಂದೇ ಸಾಕು ಎನ್ನುತ್ತೇವೆ. ಎರಡನೆಯದು ಬೇಕಾಗುವುದು ಸ್ಟೋರೇಜ್ ಮತ್ತು ಜಿಪಿಯು ಟ್ರಾಫಿಕ್ ಒಂದರ ಪಾಸ್ ಇನ್ನೊಂದನ್ನು ತಟ್ಟಬಾರದು ಎಂದಾಗ ಮಾತ್ರ.

ದೂರ ಹೆಚ್ಚಾದರೆ ಲೆಕ್ಕ ಬೇರೆಯೇ ಆಗುತ್ತದೆ. 10 ಕಿ.ಮೀ. ದೂರದ ಎರಡು ಕಟ್ಟಡಗಳ ನಡುವಿನ 100ಜಿ ಲಿಂಕಿನಲ್ಲಿ ಕೇಬಲ್ ಪಾಲೇ 1.25 ಎಂಬಿ, ಅದೂ ಪ್ರತಿ ಪೋರ್ಟಿಗೆ, ಪ್ರತಿ ಪ್ರಯಾರಿಟಿಗೆ. ಸಾಧಾರಣ ಬಫರಿನ ಸ್ವಿಚ್‌ಗಳಲ್ಲಿ ಅಂಥ ಲಿಂಕಿನ ಮೇಲೆ ಪಿಎಫ್‌ಸಿ ಬೇಡ. ಅಲ್ಲಿ ಬರೀ ಇಸಿಎನ್ ಅಥವಾ ಟಿಸಿಪಿ ಆಧಾರಿತ ದಾರಿ ಹಿಡಿಯಿರಿ.

ಗುರುತು: ಪಿಸಿಪಿಯೋ ಡಿಎಸ್‌ಸಿಪಿಯೋ

ಪ್ಯಾಕೆಟ್ ಯಾವ ಪ್ರಯಾರಿಟಿಯದು ಎಂದು ಸ್ವಿಚ್ಚಿಗೆ ತಿಳಿಸುವ ಗುರುತು ಎರಡು ಬಗೆ: ಪಿಸಿಪಿ ಮತ್ತು ಐಪಿ ಹೆಡರಿನಲ್ಲಿರುವ ಡಿಎಸ್‌ಸಿಪಿ. ಪಿಸಿಪಿಯ ಮೂರು ಬಿಟ್‌ಗಳು ವಿಎಲ್‌ಎಎನ್ ಟ್ಯಾಗಿನೊಳಗೆ ಇರುತ್ತವೆ. ಟ್ಯಾಗ್ ಇಲ್ಲದ ಪ್ಯಾಕೆಟ್ಟಿಗೆ ಪಿಸಿಪಿ ಇಲ್ಲ, ಲೇಯರ್ 3 ರೂಟಿಂಗ್ ದಾಟಿದರೆ ಅದು ಉಳಿಯುತ್ತದೆಂಬ ಖಾತರಿಯೂ ಇಲ್ಲ. ಲೀಫಿನಿಂದಲೇ ರೂಟಿಂಗ್ ಮಾಡುವ ಇಂದಿನ ವಿನ್ಯಾಸಗಳಿಗೆ ಡಿಎಸ್‌ಸಿಪಿ ಸರಿ. ವಿಂಡೋಸ್ ಸರ್ವರಿನ ಎಸ್‌ಎಂಬಿ ಡೈರೆಕ್ಟ್ (ಆರ್‌ಡಿಎಂಎ ಮೇಲಿನ ಫೈಲ್ ಹಂಚಿಕೆ) ಮಾತ್ರ ಇದಕ್ಕೆ ಹೊರತು. ಅಲ್ಲಿ ಪ್ರಯಾರಿಟಿ 3ನ್ನು 802.1ಪಿ (ಅಂದರೆ ಪಿಸಿಪಿ) ಗುರುತಾಗಿ ಹಾಕುವುದು ರೂಢಿ, ಆದ್ದರಿಂದ ಸ್ಟೋರೇಜ್ ಅಡಾಪ್ಟರಿಗೆ ವಿಎಲ್‌ಎಎನ್ ನಂಬರ್ ಕೊಡಲೇಬೇಕು. ಅದನ್ನು ಮರೆತರೆ ಟ್ರಾಫಿಕ್ ಸದ್ದಿಲ್ಲದೆ ಪ್ರಯಾರಿಟಿ 0ಯಲ್ಲಿ ಹೋಗುತ್ತದೆ.

ಲಿನಕ್ಸಿನಲ್ಲಿ ಎನ್‌ವಿಡಿಯಾ ಕಾರ್ಡ್‌ಗಳಿಗೆ ರೂಢಿಯಲ್ಲಿರುವ ಗುರುತು ಡಿಎಸ್‌ಸಿಪಿ 26, ಪ್ರಯಾರಿಟಿ 3. ಸಿಎನ್‌ಪಿಗೆ ಡಿಎಸ್‌ಸಿಪಿ 48, ಪ್ರಯಾರಿಟಿ 6. ಟ್ರಾಫಿಕ್ ಕ್ಲಾಸ್ ಮೌಲ್ಯವಾಗಿ 106 ಕೊಡಬೇಕು. 26ನ್ನು 4ರಿಂದ ಗುಣಿಸಿ 104, ಅದಕ್ಕೆ ಇಸಿಎನ್ ಬೆಂಬಲವಿದೆ ಎಂದು ಹೇಳುವ 2 ಸೇರಿ 106. ಆ ಕೊನೆಯ ಎರಡು ಬಿಟ್ ಇಲ್ಲದ ಪ್ಯಾಕೆಟ್ಟಿಗೆ ಸ್ವಿಚ್ ಗುರುತು ಹಾಕುವುದಿಲ್ಲ, ಬದಲಿಗೆ ಬೀಳಿಸುತ್ತದೆ. ಜಿಪಿಯು ತರಬೇತಿಯಲ್ಲಿ ಎನ್‌ಸಿಸಿಎಲ್ (ಎನ್‌ವಿಡಿಯಾದ ಕಲೆಕ್ಟಿವ್ ಲೈಬ್ರರಿ) ಬಳಸುವವರು ‘ಎನ್‌ಸಿಸಿಎಲ್_ಐಬಿ_ಟಿಸಿ’ ಮೌಲ್ಯವನ್ನು 106 ಮಾಡಬೇಕು. ಅದರ ಡೀಫಾಲ್ಟ್ 0. ಸ್ವಿಚ್‌ಗಳೆಲ್ಲ ಅಚ್ಚುಕಟ್ಟಾಗಿದ್ದೂ ಕೆಲಸ ನಿಧಾನವಾದರೆ ಮೊದಲು ಇದನ್ನು ನೋಡಿ.

ಸ್ವಿಚ್ಚಿನಲ್ಲಿ ಏನು ಬರೆಯಬೇಕು

ಸಿಸ್ಕೋ ನೆಕ್ಸಸ್ 9000ದಲ್ಲಿ ಕೆಲಸ ಮೂರು ಪಾಲಿಸಿಗಳಲ್ಲಿ ಹಂಚಿದೆ, ಅದೇ ಅದರ ತೊಡಕು. ‘ಟೈಪ್ ಕ್ಯೂಒಎಸ್’ ಪಾಲಿಸಿಯಲ್ಲಿ ಡಿಎಸ್‌ಸಿಪಿ 26 ಹಿಡಿದು ಕ್ಯೂಒಎಸ್-ಗ್ರೂಪ್ 3ಕ್ಕೆ ಹಾಕಬೇಕು, ‘ಟೈಪ್ ನೆಟ್‌ವರ್ಕ್-ಕ್ಯೂಒಎಸ್’ ಪಾಲಿಸಿಯ ಸಿ-8ಕ್ಯೂ-ಎನ್‌ಕ್ಯೂ3 ಕ್ಲಾಸಿನಲ್ಲಿ ‘ಪಾಸ್ ಪಿಎಫ್‌ಸಿ-ಸಿಒಎಸ್ 3’ ಮತ್ತು ಎಂಟಿಯು 9,216 ಕೊಡಬೇಕು, ‘ಟೈಪ್ ಕ್ಯೂಯಿಂಗ್’ ಪಾಲಿಸಿಯಲ್ಲಿ ಬ್ಯಾಂಡ್‌ವಿಡ್ತ್ ಮತ್ತು ಇಸಿಎನ್ ಮಿತಿ ಬರೆಯಬೇಕು. ಕೊನೆಯಲ್ಲಿ ಪ್ರತಿ ಇಂಟರ್‌ಫೇಸಿನಲ್ಲೂ ‘ಪ್ರಯಾರಿಟಿ-ಫ್ಲೋ-ಕಂಟ್ರೋಲ್ ಮೋಡ್ ಆನ್’. ಮೊದಲ ಪಾಲಿಸಿಯನ್ನು ಸರ್ವರ್ ಪೋರ್ಟುಗಳಿಗಷ್ಟೇ ಹಚ್ಚಿ ಸ್ಪೈನ್ ಕಡೆಯ ಪೋರ್ಟುಗಳಿಗೆ ಮರೆಯುವುದು ಎಲ್ಲೆಡೆ ಕಾಣುವ ತಪ್ಪು. ‘ಶೋ ಇಂಟರ್‌ಫೇಸ್ ಪ್ರಯಾರಿಟಿ-ಫ್ಲೋ-ಕಂಟ್ರೋಲ್’ ಕೊಟ್ಟಾಗ ಬ್ರ್ಯಾಕೆಟ್ಟಿನಲ್ಲಿ 8 ಕಂಡರೆ ಅದು ಎಂಟನೇ ಪ್ರಯಾರಿಟಿಯಲ್ಲ, ಬಿಟ್‌ಮ್ಯಾಪ್. ಪ್ರಯಾರಿಟಿ 3 ಚಾಲೂ ಇದೆ ಎಂದರ್ಥ.

ಅರಿಸ್ಟಾದಲ್ಲಿ ಇಂಟರ್‌ಫೇಸಿನಲ್ಲೇ ಕೆಲಸ ಮುಗಿಯುತ್ತದೆ: ‘ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ’, ‘ಪ್ರಯಾರಿಟಿ-ಫ್ಲೋ-ಕಂಟ್ರೋಲ್ ಆನ್’, ‘ಪ್ರಯಾರಿಟಿ-ಫ್ಲೋ-ಕಂಟ್ರೋಲ್ ಪ್ರಯಾರಿಟಿ 3 ನೋ-ಡ್ರಾಪ್’. ಎನ್‌ವಿಡಿಯಾದ ಸ್ವಿಚ್ ಆಪರೇಟಿಂಗ್ ಸಿಸ್ಟಮ್ಮಾದ ಕ್ಯುಮುಲಸ್ ಲಿನಕ್ಸಿನಲ್ಲಿ ಇನ್ನೂ ಸುಲಭ, ‘ಎನ್‌ವಿ ಸೆಟ್ ಕ್ಯೂಒಎಸ್ ಆರ್‌ಒಸಿಇ’ ಒಂದೇ ಸಾಲು ಪಿಎಫ್‌ಸಿ, ಇಸಿಎನ್, ಸಿಎನ್‌ಪಿ ಕ್ಯೂ ಎಲ್ಲವನ್ನೂ ಹೊಂದಿಸುತ್ತದೆ. ಮೋಡ್ ಲಾಸಿ ಎಂದು ಸೇರಿಸಿದರೆ ಪಿಎಫ್‌ಸಿ ಇಲ್ಲದ ದಾರಿ. ಸಣ್ಣ ತಂಡಕ್ಕೆ, ಕಾರ್ಡೂ ಸ್ವಿಚ್ಚೂ ಎನ್‌ವಿಡಿಯಾದ್ದೇ ಆಗಿದ್ದರೆ, ಇದಕ್ಕಿಂತ ನಿರಾಳ ಆಯ್ಕೆ ಇಲ್ಲ.

ಸಾನಿಕ್ (ಓಪನ್ ಸೋರ್ಸ್ ಸ್ವಿಚ್ ಆಪರೇಟಿಂಗ್ ಸಿಸ್ಟಮ್) ಬಳಸುವವರು ಎರಡು ಕಡೆ ಎಚ್ಚರವಾಗಿರಬೇಕು. ಅದರ ಡೀಫಾಲ್ಟ್ ಟೆಂಪ್ಲೇಟಿನಲ್ಲಿ ಲಾಸ್‌ಲೆಸ್ ಪ್ರಯಾರಿಟಿಗಳು 3 ಮತ್ತು 4, ಆದರೆ ಅವಕ್ಕೆ ಹೊಂದಿಸಿರುವುದು ಡಿಎಸ್‌ಸಿಪಿ 3 ಮತ್ತು 4. ಡಿಎಸ್‌ಸಿಪಿ 26 ಟ್ರಾಫಿಕ್ ಕ್ಲಾಸ್ 1ಕ್ಕೆ, ಅಂದರೆ ಸಾಮಾನ್ಯ ಕ್ಯೂಗೆ ಹೋಗುತ್ತದೆ. ಒಂದೋ ಡಿಎಸ್‌ಸಿಪಿ_ಟು_ಟಿಸಿ_ಮ್ಯಾಪ್ ಟೇಬಲ್ ತಿದ್ದಿ, ಇಲ್ಲವೇ ಕಾರ್ಡಿನ ಗುರುತನ್ನೇ 3 ಮಾಡಿ. ಇನ್ನೊಂದು, ಹೆಡ್‌ರೂಮನ್ನು ಸಾನಿಕ್ ಪೋರ್ಟಿನ ವೇಗ ಮತ್ತು ಕೇಬಲ್_ಲೆಂಗ್ತ್ ಟೇಬಲ್ ನೋಡಿ ಆರಿಸುತ್ತದೆ. ಟೇಬಲಿನಲ್ಲಿ 5 ಮೀಟರ್ ಎಂದಿದ್ದು ಕೇಬಲ್ 300 ಮೀಟರ್ ಇದ್ದರೆ ಹೆಡ್‌ರೂಮ್ ಸಾಲದೆ ಪ್ಯಾಕೆಟ್ ಬೀಳುತ್ತವೆ, ಕಾನ್ಫಿಗರೇಶನ್ ಮಾತ್ರ ಸರಿಯಾಗೇ ಕಾಣುತ್ತದೆ. ‘ಶೋ ಪ್ರಯಾರಿಟಿ-ಗ್ರೂಪ್ ವಾಟರ್‌ಮಾರ್ಕ್ ಹೆಡ್‌ರೂಮ್’ ಕೊಟ್ಟರೆ ಎಷ್ಟು ಬಳಕೆಯಾಗಿದೆ ಎಂದು ಕಾಣುತ್ತದೆ.

ಡಿಸಿಬಿಎಕ್ಸ್ ಮೂಲಕ ಸ್ವಿಚ್ ಸರ್ವರಿಗೆ ಸೆಟ್ಟಿಂಗ್ ಹೇಳಿಕೊಡುವುದೋ, ಎರಡೂ ಕಡೆ ಕೈಯಾರೆ ಬರೆಯುವುದೋ? ಕೈಯಾರೆ ಬರೆಯಿರಿ. ಅನ್ಸಿಬಲ್‌ನಂಥ ಸ್ವಯಂಚಾಲನೆಯ ಸಾಧನ ಇರುವಾಗ ಡಿಸಿಬಿಎಕ್ಸ್ ಉಳಿಸುವ ಶ್ರಮ ಕಡಿಮೆ. ಡಿಸಿಬಿಎಕ್ಸನ್ನು ಹೊತ್ತೊಯ್ಯುವ ಎಲ್‌ಎಲ್‌ಡಿಪಿಯನ್ನು ಕಾರ್ಡಿನ ಫರ್ಮ್‌ವೇರೂ ಆಪರೇಟಿಂಗ್ ಸಿಸ್ಟಮ್ಮೂ ಒಟ್ಟಿಗೆ ಮಾತನಾಡಿದರೆ ಯಾವ ಸೆಟ್ಟಿಂಗ್ ಗೆಲ್ಲುತ್ತದೆ ಎಂದು ಹುಡುಕುವ ಶ್ರಮ ದೊಡ್ಡದು. ವಿಂಡೋಸಿನಲ್ಲಿ ಡಿಸಿಬಿಎಕ್ಸ್ ವಿಲ್ಲಿಂಗ್ ಮೌಲ್ಯವನ್ನು ಫಾಲ್ಸ್ ಮಾಡಿ. ಲಿನಕ್ಸಿನಲ್ಲಿ ‘ಎಂಎಲ್‌ಎನ್‌ಎಕ್ಸ್_ಕ್ಯೂಒಎಸ್’ ಕಮಾಂಡಿಗೆ ಟ್ರಸ್ಟ್ ಡಿಎಸ್‌ಸಿಪಿ ಮತ್ತು ಪಿಎಫ್‌ಸಿ 0,0,0,1,0,0,0,0 ಕೊಡಿ. ರೀಬೂಟ್ ಆದರೆ ಇದು ಅಳಿಸಿಹೋಗುತ್ತದೆ, ಸಿಸ್ಟಂಡಿ ಯೂನಿಟ್‌ನಲ್ಲಿ ಹಾಕಿಡಿ.

ಇಸಿಎನ್ ಮಿತಿ ಪಿಎಫ್‌ಸಿಗಿಂತ ಮೊದಲು ಬರಲಿ

ಇಸಿಎನ್ ಅಳೆಯುವುದು ಹೊರಹೋಗುವ ಕ್ಯೂವನ್ನು, ಪಿಎಫ್‌ಸಿ ಅಳೆಯುವುದು ಒಳಬರುವ ಬಫರನ್ನು. ಎರಡರ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. ಒಂದೇ ಒಳಪೋರ್ಟಿನಿಂದ ಬಂದದ್ದು ಹತ್ತು ಹೊರಪೋರ್ಟುಗಳಲ್ಲಿ ಸ್ವಲ್ಪಸ್ವಲ್ಪ ಕಾದಿದ್ದರೆ, ಯಾವ ಕ್ಯೂ ಕೂಡ ಇಸಿಎನ್ ಮಿತಿ ಮುಟ್ಟದೆ ಒಳಬಫರ್ ಪಿಎಫ್‌ಸಿ ಮಿತಿ ದಾಟಬಹುದು. ಅದಕ್ಕಾಗಿ ಇಸಿಎನ್ ಕನಿಷ್ಠ ಮಿತಿಯನ್ನು ಪಿಎಫ್‌ಸಿ ಮಿತಿಗಿಂತ ಬಹಳ ಕೆಳಗಿಡಬೇಕು.

ಪಿಎಫ್‌ಸಿ ಮಿತಿ ಸಾಮಾನ್ಯವಾಗಿ ಸ್ಥಿರವಾಗಿರುವುದಿಲ್ಲ. ಹಂಚಿಕೆಯ ಬಫರಿನಲ್ಲಿ ಖಾಲಿ ಇರುವುದನ್ನು, ಸ್ವಿಚ್ಚಿನಲ್ಲಿ ಹೊಂದಿಸುವ ಆಲ್ಫಾ ಎಂಬ ಗುಣಕದಿಂದ ಗುಣಿಸಿದಷ್ಟು ಅದು. ಖಾಲಿ 12 ಎಂಬಿ ಇದ್ದು ಆಲ್ಫಾ 1/8 ಆದರೆ ಮಿತಿ 1.5 ಎಂಬಿ, 1/16 ಆದರೆ 750 ಕೆಬಿ, 1/64 ಆದರೆ 190 ಕೆಬಿಯೂ ಇಲ್ಲ. ಸಿಸ್ಕೋದ ರಾಕಿ ಮಾರ್ಗಸೂಚಿಯಲ್ಲಿ ಕಾಣುವ ಇಸಿಎನ್ ಮಿತಿ ಕನಿಷ್ಠ 150 ಕೆಬಿ, ಗರಿಷ್ಠ 3,000 ಕೆಬಿ. ಕ್ಯುಮುಲಸ್ ಡೀಫಾಲ್ಟ್ ಸುಮಾರು 150 ಕೆಬಿ ಮತ್ತು 1,500 ಕೆಬಿ. ಆಲ್ಫಾ 1/64 ಇರುವ ಸ್ವಿಚ್ಚಿನಲ್ಲಿ ಈ ಸಂಖ್ಯೆಗಳನ್ನು ಹಾಗೇ ಹಾಕಿದರೆ ಇಸಿಎನ್ ಬಾಯಿ ತೆರೆಯುವಷ್ಟರಲ್ಲಿ ಪಿಎಫ್‌ಸಿ ಶುರುವಾಗಿರುತ್ತದೆ. ಇದು ಬರೀ ಊಹೆಯಲ್ಲ. ಹೊಸ ಮಾದರಿಯ ಸ್ವಿಚ್ಚಿನಲ್ಲಿ ಆಲ್ಫಾ ಡೀಫಾಲ್ಟ್ 1/16ರ ಬದಲು 1/64 ಇದ್ದದ್ದರಿಂದ ಪಾಸ್ ಫ್ರೇಮ್‌ಗಳು ವಿಪರೀತ ಏರಿದ ಪ್ರಕರಣವನ್ನು ಮೇಲೆ ಹೇಳಿದ 2016ರ ಮೈಕ್ರೋಸಾಫ್ಟ್ ವರದಿಯೇ ದಾಖಲಿಸಿದೆ. ಬೇರೆ ಕಂಪನಿಯ ಅಥವಾ ಬೇರೆ ತಲೆಮಾರಿನ ಸ್ವಿಚ್ ಸೇರಿಸುವಾಗ ಆಲ್ಫಾವನ್ನು ಬರೆದೇ ಇಡಿ, ಡೀಫಾಲ್ಟಿಗೆ ಬಿಡಬೇಡಿ. ಸಾನಿಕ್‌ನಲ್ಲಿ ‘ಡೈನಮಿಕ್_ಟಿಎಚ್’ -3 ಎಂದರೆ 1/8, 0 ಎಂದರೆ 1.

ಸಿಎನ್‌ಪಿ ಕ್ಯೂವನ್ನು ಸ್ಟ್ರಿಕ್ಟ್ ಪ್ರಯಾರಿಟಿಯಲ್ಲಿಡಿ. ಬ್ರೇಕ್ ಹಾಕಿ ಎಂದು ಹೇಳಲು ಹೊರಟ ಪ್ಯಾಕೆಟ್ಟೇ ದಟ್ಟಣೆಯಲ್ಲಿ ಸಿಕ್ಕಿಬಿದ್ದರೆ ಇಸಿಎನ್ ವ್ಯರ್ಥ.

ವಾಚ್‌ಡಾಗ್

ಕೆಟ್ಟ ಕಾರ್ಡೊಂದು ನಿಲ್ಲಿಸದೆ ಪಾಸ್ ಫ್ರೇಮ್ ಉಗುಳತೊಡಗಿದರೆ ಏನಾಗುತ್ತದೆ? 100ಜಿ ಲಿಂಕನ್ನು ಸದಾ ನಿಲ್ಲಿಸಿಡಲು ಸೆಕೆಂಡಿಗೆ ಸುಮಾರು 3,000 ಫ್ರೇಮ್ ಸಾಕು, ಬ್ಯಾಂಡ್‌ವಿಡ್ತ್ ಗ್ರಾಫಿನಲ್ಲಿ ಅದು ಕಾಣುವುದೇ ಇಲ್ಲ. ಆ ಒಂದು ಪೋರ್ಟಿನಿಂದ ಲೀಫ್, ಲೀಫಿನಿಂದ ಸ್ಪೈನ್, ಹೀಗೆ ಇಡೀ ನೆಟ್‌ವರ್ಕ್ ನಿಲ್ಲಬಹುದು. ಆದ್ದರಿಂದ ವಾಚ್‌ಡಾಗ್ ಇಲ್ಲದೆ ಪಿಎಫ್‌ಸಿ ಚಾಲೂ ಮಾಡಬೇಡಿ. ಸಾನಿಕ್‌ನಲ್ಲಿ ಡೀಫಾಲ್ಟ್ ಪತ್ತೆ 200 ಮಿಲಿಸೆಕೆಂಡ್, ಮರುಸ್ಥಾಪನೆ 200 ಮಿಲಿಸೆಕೆಂಡ್. ನೆಕ್ಸಸ್‌ನಲ್ಲಿ ‘ಪ್ರಯಾರಿಟಿ-ಫ್ಲೋ-ಕಂಟ್ರೋಲ್ ವಾಚ್-ಡಾಗ್-ಇಂಟರ್ವಲ್ ಆನ್’.

ಸಾನಿಕ್ ವಾಚ್‌ಡಾಗ್‌ನಲ್ಲಿ ಡ್ರಾಪ್, ಫಾರ್ವರ್ಡ್, ಬರೀ ಎಚ್ಚರಿಸುವ ಅಲರ್ಟ್ ಎಂಬ ಮೂರು ಆಯ್ಕೆಗಳಿವೆ. ಡ್ರಾಪ್ ಆ ಕ್ಯೂನ ಪ್ಯಾಕೆಟ್‌ಗಳನ್ನು ಬಿಸಾಡುತ್ತದೆ, ಫಾರ್ವರ್ಡ್ ಪಾಸ್ ಕಡೆಗಣಿಸಿ ಕಳಿಸುತ್ತಲೇ ಇರುತ್ತದೆ. ಡ್ರಾಪ್ ಆರಿಸಿ. ಕೆಟ್ಟ ಕಾರ್ಡಿಗೆ ಪ್ಯಾಕೆಟ್ ಕಳಿಸಿ ಲಾಭವಿಲ್ಲ, ಬಫರ್ ಬೇಗ ಖಾಲಿಯಾಗುವುದೇ ಮುಖ್ಯ.

ಡೆಡ್‌ಲಾಕ್ ಇನ್ನೊಂದು ಬಗೆ: ಸ್ವಿಚ್‌ಗಳು ಸುತ್ತಾಗಿ ಒಂದನ್ನೊಂದು ಕಾಯುತ್ತ ನಿಲ್ಲುವುದು. ಮೇಲೆ ಹತ್ತಿ ಕೆಳಗಿಳಿಯುವ ರೂಟಿಂಗ್ ಇರುವ ಲೀಫ್-ಸ್ಪೈನ್‌ನಲ್ಲಿ ಸುತ್ತು ಉಂಟಾಗಬಾರದು. ಆದರೆ ಲಿಂಕ್ ಬಿದ್ದಾಗ ಸ್ಪೈನಿನಿಂದ ಇಳಿದದ್ದು ಮತ್ತೆ ಮೇಲೆ ಹತ್ತುವಂತಾದರೆ, ಅಥವಾ ಎಆರ್‌ಪಿ ಎಂಟ್ರಿ (ಐಪಿ ವಿಳಾಸದ ಮ್ಯಾಕ್ ಯಾವುದು ಎಂಬ ದಾಖಲೆ) ಇದ್ದು ಮ್ಯಾಕ್ ಎಂಟ್ರಿ (ಆ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಎಂಬ ದಾಖಲೆ) ಅವಧಿ ಮುಗಿದು ಲಾಸ್‌ಲೆಸ್ ಪ್ಯಾಕೆಟ್ ಎಲ್ಲ ಪೋರ್ಟುಗಳಿಗೂ ಫ್ಲಡ್ ಆದರೆ ಸುತ್ತು ಹುಟ್ಟುತ್ತದೆ. ಎಆರ್‌ಪಿ ಅವಧಿಯನ್ನು ಮ್ಯಾಕ್ ಅವಧಿಗಿಂತ ಕಡಿಮೆ ಇಡಿ. ಲೇಯರ್ 2ನ್ನು ಒಂದು ರ್‍ಯಾಕಿನ ಆಚೆ ಎಳೆದ ನೆಟ್‌ವರ್ಕ್‌ಗಳಲ್ಲಿ ಈ ಅಪಾಯ ಹೆಚ್ಚು.

ಚಾಲೂ ಮಾಡುವ ಮುನ್ನ ಪರೀಕ್ಷೆ

ಮೊದಲು ಗುರುತು. ಎರಡು ಸರ್ವರ್‌ಗಳ ನಡುವೆ ಟ್ರಾಫಿಕ್ ಕ್ಲಾಸ್ 106 ಕೊಟ್ಟು ‘ಐಬಿ_ರೈಟ್_ಬಿಡಬ್ಲ್ಯೂ’ ಎಂಬ ಆರ್‌ಡಿಎಂಎ ವೇಗ ಪರೀಕ್ಷೆ ಓಡಿಸಿ. ಸ್ವೀಕರಿಸುವ ಕಾರ್ಡಿನ ‘ಆರ್‌ಎಕ್ಸ್_ಪ್ರಿಯೊ3_ಬೈಟ್ಸ್’ ಏರಬೇಕು, ಪ್ರಿಯೊ0 ಕದಲಬಾರದು. ದಾರಿಯ ಪ್ರತಿ ಸ್ವಿಚ್ಚಿನಲ್ಲೂ ಕ್ಯೂ 3ರ ಎಣಿಕೆ ಏರಬೇಕು. ಒಂದೇ ಒಂದು ಸ್ವಿಚ್ ತಪ್ಪಿದರೂ ಮುಂದಿನ ಪರೀಕ್ಷೆಗಳಿಗೆ ಅರ್ಥವಿಲ್ಲ.

ಆಮೇಲೆ ಇಬ್ಬರಿಂದ ಒಬ್ಬರಿಗೆ. ಸ್ವೀಕರಿಸುವ ಕಾರ್ಡಿನ ‘ಎನ್‌ಪಿ_ಸಿಎನ್‌ಪಿ_ಸೆಂಟ್’, ಕಳಿಸುವವರ ‘ಆರ್‌ಪಿ_ಸಿಎನ್‌ಪಿ_ಹ್ಯಾಂಡಲ್ಡ್’ ಏರಬೇಕು, ಪಾಸ್ ಎಣಿಕೆ ಬಹುತೇಕ ಸುಮ್ಮನಿರಬೇಕು. ಸಿಎನ್‌ಪಿ ಸೊನ್ನೆಯಿದ್ದು ಪಾಸ್ ಏರಿದರೆ ಇಸಿಎನ್ ಬಿಟ್ ಅಥವಾ ಮಿತಿ ತಪ್ಪಿದೆ. ನಂತರ 8ರಿಂದ 1ಕ್ಕೆ, 16ರಿಂದ 1ಕ್ಕೆ ಏರಿಸಿ. ಇಲ್ಲಿ ಪಾಸ್ ಬರುವುದು ಸಹಜ, ಆದರೆ ಡ್ರಾಪ್ ಸೊನ್ನೆಯಾಗಿರಬೇಕು. ಹೆಡ್‌ರೂಮ್ ವಾಟರ್‌ಮಾರ್ಕ್ ಮೀಸಲಿನ ತುದಿ ಮುಟ್ಟಿದ್ದರೆ ಹೆಚ್ಚಿಸಿ. ಕೊನೆಗೆ ಪೂರ್ತಿ ಹೊರೆಯಿರುವಾಗಲೇ ಒಂದು ಸ್ಪೈನ್ ಲಿಂಕ್ ಶಟ್ ಮಾಡಿ ಡ್ರಾಪ್ ಮತ್ತು ವಾಚ್‌ಡಾಗ್ ಎಣಿಕೆ ನೋಡಿ.

ಚಾಲೂ ಆದ ಮೇಲೆ ಪಾಸ್ ಫ್ರೇಮ್‌ಗಳ ಸಂಖ್ಯೆಗಿಂತ ಪಾಸ್ ಅವಧಿಗೆ ಅಲಾರಂ ಇಡಿ. ಒಂದು ಫ್ರೇಮ್ ಒಂದು ಮೈಕ್ರೋಸೆಕೆಂಡೂ ನಿಲ್ಲಿಸಬಹುದು, 335 ಮೈಕ್ರೋಸೆಕೆಂಡೂ ನಿಲ್ಲಿಸಬಹುದು. ಪಾಸ್ ಸ್ವಿಚ್ಚಿನಿಂದ ಸರ್ವರಿಗೆ ಹೋಗುತ್ತಿದ್ದರೆ ನೆಟ್‌ವರ್ಕಿನಲ್ಲಿ ದಟ್ಟಣೆ ಇದೆ. ಸರ್ವರಿನಿಂದ ಸ್ವಿಚ್ಚಿಗೆ ಬರುತ್ತಿದ್ದರೆ ನೆಟ್‌ವರ್ಕನ್ನು ಬಿಟ್ಟು ಆ ಸರ್ವರಿನ ಪಿಸಿಐಇ ಸ್ಲಾಟಿನ ಲೇನ್ ಸಂಖ್ಯೆ, ವೇಗ ಮತ್ತು ಕಾರ್ಡಿನ ಫರ್ಮ್‌ವೇರ್ ನೋಡಿ.